ವಾಟ ಕಲಿತ ಕೈ

ಚಳಿಗಾಲ ನಡುವಿಗೆ ಬಂದಿತ್ತು. ಬೆಳಗಿನ ಆರು ಗಂಟೆ ಇರಬೇಕು, ಬೀದಿದೀಪ ಇನ್ನೂ ಆರಿರಲಿಲ್ಲ. ನಾವು ಮೂವರು ಇದ್ದ ಕೋಣೆಯ ಮೂಲೆಯಲ್ಲಿ ಒಂದು ಬೇಸಿನ್ ಇತ್ತು. ಅದರ ಮುಂದೆ ನಿಂತು ಹಲ್ಲುಜ್ಜಲು ಶುರು ಮಾಡಿದ ಭಾವ ತಟ್ಟನೆ ಉಗಿದರು. ಬಾಯಿ ತುಂಬ ನೊರೆ. ನೋಡಿದರೆ ಬ್ರಷ್ಷಿನ ಮೇಲೆ ಗಡ್ಡಕ್ಕೆ ಹಚ್ಚುವ ಕ್ರೀಮು. ಎರಡೂ ಟ್ಯೂಬು ಒಂದೇ ಉದ್ದ, ಆದರೆ ಒಂದು ಬಿಳಿ, ಇನ್ನೊಂದು ಕಡುಹಸಿರು.

ಮೇಲಿನ ಮಂಚದಲ್ಲಿ ಮಲಗಿದ್ದ ರೇಡಿಯೋ ನಕ್ಕ. "ಒಳಗಡೆಯಿಂದ ಗಡ್ಡ ಬೋಳಿಸ್ಕೊಳ್ತಿದ್ದೀರಾ ಮೇಸ್ತ್ರಿ?" ಎಂದ. ಅವನು ನಮ್ಮ ಜೊತೆಯ ಕೆಲಸದವನು, ನಮ್ಮ ಭಾಷೆಯವನೇ. ಬಾಯಿಗೆ ಬೀಗವಿಲ್ಲದ್ದರಿಂದ ಎಲ್ಲರೂ ರೇಡಿಯೋ ಅನ್ನುತ್ತಿದ್ದರು. ಭಾವನೂ ನಕ್ಕು ಬಾಯಿ ಮುಕ್ಕಳಿಸಿದರು. ಆದರೆ ಆಮೇಲೆ ಅವರು ಎರಡು ಟ್ಯೂಬುಗಳನ್ನೂ ಒಂದೊಂದಾಗಿ ಮೂಗಿಗೆ ಹಿಡಿದು, ಒಂದನ್ನು ಎಡಕ್ಕೆ ಒಂದನ್ನು ಬಲಕ್ಕೆ ಇಟ್ಟದ್ದನ್ನು ನಾನು ನೋಡಿದೆ. ನನಗೆ ನಗು ಬರಲಿಲ್ಲ.

ಭಾವ ಅಂದರೆ ನನ್ನ ಅಕ್ಕನ ಗಂಡ. ನೆಲಕ್ಕೆ ಟೈಲ್ಸ್ ಹಾಕುವುದು ಅವರ ಕಸುಬು. ಮದುವೆಯಾದ ಮರುವರ್ಷವೇ ಅವರು ಹೊರದೇಶದ ಕೆಲಸಕ್ಕೆ ಹೋದರು. ಅದಾದ ಎರಡು ವರ್ಷಕ್ಕೆ, ನನಗೆ ಹತ್ತೊಂಬತ್ತು ತುಂಬಿದಾಗ, ನನ್ನನ್ನೂ ಕರೆಸಿಕೊಂಡರು. ಅಲ್ಲಿಂದ ಅವರ ಹಿಂದೆಯೇ ನಾಲ್ಕು ದೇಶ ತಿರುಗಿದೆ. ನಾಲ್ಕೂ ಏಷ್ಯಾದೊಳಗೇ ಇವೆ ಎಂದು ಈಚೆಗೆ ತಂಗಿಯ ಮೊಮ್ಮಗಳು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದಳು. ಅಷ್ಟೆಲ್ಲ ದೇಶ ಸುತ್ತಿದ್ದೀಯಲ್ಲ ತಾತ, ಏನೇನು ನೋಡಿದೆ ಎಂದು ಕೇಳಿದಳು. ನೆಲ ನೋಡಿದೆ ಎಂದೆ. ತಮಾಷೆ ಅಂದುಕೊಂಡಳು. ಮಂಡಿಯೂರಿ ಕೆಲಸ ಮಾಡುವವನಿಗೆ ಬೇರೇನು ಕಾಣುತ್ತದೆ? ಆದರೆ ಒಂದು ಮನೆಯವರು ಎಂಥವರು ಎನ್ನುವುದನ್ನು ಗೋಡೆ ನೋಡಿ ಹೇಳಲಾಗದು, ನೆಲ ನೋಡಿ ಹೇಳಬಹುದು.

ಮೊದಲನೆಯದು ಸಮುದ್ರದ ದಂಡೆಯ ಊರು. ಅಲ್ಲಿ ಹದಿನಾಲ್ಕು ವರ್ಷ ಇದ್ದೆವು. ಗಾಳಿ ಬೀಸಿದರೆ ಮರಳು ಮನೆಯೊಳಗೆ ಬರುತ್ತಿತ್ತು. ಅದಕ್ಕೇ ಸಂಜೆಯಾದರೆ ಪ್ರತಿ ಮನೆಯಲ್ಲೂ ಬಕೆಟ್ಟುಗಟ್ಟಲೆ ನೀರು ಸುರಿದು ತೊಳೆಯುತ್ತಿದ್ದರು. ಬಚ್ಚಲು ಮಾತ್ರ ಅಲ್ಲ, ಹಜಾರ, ಅಡುಗೆಮನೆ, ಮಲಗುವ ಕೋಣೆ ಎಲ್ಲವನ್ನೂ. ಸುರಿದ ನೀರು ತಾನಾಗಿಯೇ ಬಾಗಿಲಿಗೆ ಹೋಗಬೇಕು. ಹಾಗೆ ಹೋಗಲೆಂದು ನೆಲಕ್ಕೆ ಕೊಡುವ ಇಳಿಜಾರಿಗೆ ನಮ್ಮ ಕೆಲಸದಲ್ಲಿ ವಾಟ ಅನ್ನುತ್ತಾರೆ. ವಾಟ ಹೆಚ್ಚಾದರೆ ಮಂಚ ಅಲ್ಲಾಡುತ್ತದೆ, ನಡೆಯುವವರಿಗೆ ಕಾಲು ನೋಯುತ್ತದೆ. ಕಡಿಮೆಯಾದರೆ ನೀರು ನಿಲ್ಲುತ್ತದೆ. ಕಣ್ಣಿಗೆ ಕಾಣದ ಹಾಗೆ, ನೀರಿಗೆ ಮಾತ್ರ ಗೊತ್ತಾಗುವ ಹಾಗೆ ಕೊಡಬೇಕು. ಅಲ್ಲೊಬ್ಬ ಮನೆಯ ಯಜಮಾನ ಕೆಲಸ ಒಪ್ಪಿಕೊಳ್ಳುವ ಮೊದಲು ದೂರದ ಮೂಲೆಯಲ್ಲಿ ಒಂದು ಬಕೆಟ್ ನೀರು ಸುರಿದು ಸಿಗರೇಟು ಹಚ್ಚುತ್ತಿದ್ದ. ಸಿಗರೇಟು ಮುಗಿಯುವುದರೊಳಗೆ ನೆಲದಲ್ಲಿ ನೀರು ಇರಬಾರದು. ಭಾವ ಹಾಕಿದ ನೆಲದಲ್ಲಿ ಅವನು ಅರ್ಧ ಸಿಗರೇಟಿಗೇ ತಲೆಯಾಡಿಸಿದ. ನಾನು ಹಾಕಿದ ಬಚ್ಚಲಲ್ಲಿ ಎರಡು ಸಿಗರೇಟು ಸೇದಿ, ಮೂರನೆಯದನ್ನು ನನಗೇ ಕೊಟ್ಟು ಹೋದ.

ಎರಡನೆಯ ದೇಶದಲ್ಲಿ ಎಲ್ಲರೂ ಆಕಾಶದಲ್ಲಿ ಇದ್ದರು. ಮೂವತ್ತು, ನಲವತ್ತು ಅಂತಸ್ತು. ಒಂದೇ ಅಳತೆಯ ಬಚ್ಚಲುಗಳನ್ನು ಒಂದರ ಮೇಲೊಂದು ಹಾಕುತ್ತಾ ಹೋದೆವು, ಅವುಗಳಲ್ಲಿ ಸ್ನಾನ ಮಾಡುವ ಒಬ್ಬರ ಮುಖವನ್ನೂ ನೋಡಲಿಲ್ಲ. ಲಿಫ್ಟಿನಲ್ಲಿ ಎಲ್ಲರೂ ತಲೆ ಎತ್ತಿ ನಂಬರು ನೋಡುತ್ತಿದ್ದರು. ಬೀದಿಯ ತಿರುವಿನಲ್ಲಿ ಮೊಟ್ಟೆ ಮಾರುವ ಒಬ್ಬ ಮುದುಕಿ ಮಾತ್ರ ನನ್ನನ್ನು ಕಂಡರೆ ಬಿರುಕು ಬಿಟ್ಟ ಮೊಟ್ಟೆಯೊಂದನ್ನು ಕಾಗದದಲ್ಲಿ ಸುತ್ತಿ ಕೈಗಿಡುತ್ತಿದ್ದಳು. ಆರು ವರ್ಷದಲ್ಲಿ ನಮ್ಮಿಬ್ಬರ ನಡುವೆ ಒಂದು ಮಾತೂ ಆಗಲಿಲ್ಲ, ಜಗಳವೂ ಆಗಲಿಲ್ಲ. ಮೂರನೆಯ ದೇಶದಲ್ಲಿ ಒಂದೂವರೆ ವರ್ಷ ಇದ್ದೆವು. ಅಲ್ಲಿ ಧೂಳು ಜಾಸ್ತಿ, ಮಾತೂ ಜಾಸ್ತಿ. ಬಸ್ಸಿನಲ್ಲಿ ಪಕ್ಕ ಕೂತವನು ಟಿಕೆಟು ತೆಗೆದುಕೊಳ್ಳುವ ಮೊದಲೇ ಮಕ್ಕಳೆಷ್ಟು ಎಂದು ಕೇಳುತ್ತಿದ್ದ. ಇಲ್ಲ, ಮದುವೆಯೇ ಆಗಿಲ್ಲ ಎಂದರೆ ಇಡೀ ಬಸ್ಸಿಗೆ ತಿರುಗಿ ಹೇಳುತ್ತಿದ್ದ.

ನಾಲ್ಕನೆಯದು ಭಾವ ಟ್ಯೂಬು ಅದಲುಬದಲು ಮಾಡಿಕೊಂಡ ಆ ಚಳಿಯ ದೇಶ. ಅಲ್ಲಿ ಯಾರೂ ನೆಲಕ್ಕೆ ನೀರು ಸುರಿಯುವುದಿಲ್ಲ. ಒದ್ದೆ ಬಟ್ಟೆ ಕಟ್ಟಿದ ಕೋಲಿನಿಂದ ಒರೆಸುತ್ತಾರೆ. ಮತ್ತೆ ಅಲ್ಲಿ ಎಲ್ಲದಕ್ಕೂ ಚಕ್ರ. ಕುರ್ಚಿಗೆ, ಬೀರುವಿಗೆ, ಕಸದ ಡಬ್ಬಿಗೆ, ಕೊನೆಗೆ ಮುದುಕರ ಕೈಚೀಲಕ್ಕೂ ಚಕ್ರ. ಹಾಗಾಗಿ ನೆಲ ಅಂದರೆ ಕನ್ನಡಿಯ ಹಾಗೆ ಮಟ್ಟವಾಗಿರಬೇಕು. ನಾವು ಆಗ ಒಂದು ದೊಡ್ಡ ಆಸ್ಪತ್ರೆಯ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದೆವು. ಹದಿನಾರು ವಾರ್ಡು. ರೋಗಿಗಳ ಮಂಚಕ್ಕೂ ಚಕ್ರ ಇರುವುದರಿಂದ, ಒಂದು ವಾರ್ಡಿನಲ್ಲಿ ಕೂದಲೆಳೆಯಷ್ಟೂ ಇಳಿಜಾರು ಇರಕೂಡದು ಎಂದು ಇಂಜಿನಿಯರಮ್ಮ ಮೊದಲ ದಿನವೇ ರೇಡಿಯೋನ ಬಾಯಿಂದ ಹೇಳಿಸಿದ್ದರು. ಅವನಿಗೆ ಮಾತ್ರ ಆ ದೇಶದ ಭಾಷೆ ಬರುತ್ತಿತ್ತು.

ಟ್ಯೂಬಿನ ಸಂಗತಿಯಾದ ದಿನ ಮಧ್ಯಾಹ್ನ ಊಟವಾದ ಮೇಲೆ ಸಿಮೆಂಟಿನ ಚೀಲಗಳ ಹಿಂದೆ ಕೂತು ಭಾವನನ್ನು ಕೇಳಿದೆ. ಅವರು ಸುತ್ತಿಬಳಸಲಿಲ್ಲ. ಹೋದ ಸಲ ಊರಿಗೆ ಹೋದಾಗ ವೈದ್ಯರಿಗೆ ತೋರಿಸಿದ್ದರಂತೆ. ಕಣ್ಣಿನ ಹಿಂದಿನ ನರ ಒಣಗುತ್ತಿದೆ, ಕನ್ನಡಕಕ್ಕೂ ಬಗ್ಗದು, ಆಪರೇಷನ್ನಿಗೂ ಬಗ್ಗದು ಎಂದರಂತೆ. ದೊಡ್ಡದೆಲ್ಲ ಕಾಣುತ್ತದೆ, ಸಣ್ಣದು ಕಾಣುವುದಿಲ್ಲ, ಮಬ್ಬು ಬೆಳಕಿನಲ್ಲಿ ಬಣ್ಣವೂ ತಿಳಿಯುವುದಿಲ್ಲ. ಅಕ್ಕನಿಗೆ ಹೇಳಿರಲಿಲ್ಲ.

ಸಣ್ಣದು ಎಂದರೆ ರಸಮಟ್ಟದ ಗುಳ್ಳೆ. ಉದ್ದನೆಯ ಪಟ್ಟಿ, ಅದರ ನಡುವೆ ಗಾಜಿನ ನಳಿಗೆ, ನಳಿಗೆಯೊಳಗೆ ನೀರು, ನೀರಲ್ಲೊಂದು ಗುಳ್ಳೆ. ಆ ಗುಳ್ಳೆ ಎರಡು ಗೆರೆಗಳ ನಡುವೆ ನಿಂತರೆ ನೆಲ ಮಟ್ಟ. ಗುಳ್ಳೆ ಕಾಣದ ಮೇಸ್ತ್ರಿಯನ್ನು ಯಾವ ಕಂಪನಿ ಇಟ್ಟುಕೊಳ್ಳುತ್ತದೆ? ಗೊತ್ತಾದರೆ ಒಂದೇ ವಾರದಲ್ಲಿ ಊರಿಗೆ ಕಳಿಸುತ್ತಿದ್ದರು.

ಹೋದರೆ ಹೋದೆವು, ನಿಮ್ಮ ವಯಸ್ಸೂ ಐವತ್ತೆಂಟಾಯಿತಲ್ಲ ಎಂದು ನಾನು ಮೆಲ್ಲಗೆ ಅಂದೆ.

"ಊರಿಗೆ ಹೋಗಿ ಏನ್ಮಾಡ್ಲಿ?" ಎಂದರು ಭಾವ. "ಅಲ್ಲಿ ನಾನು ನೆಂಟ ಕಣಯ್ಯ. ನೆಂಟ ಹದಿನೈದು ದಿನ ಚೆನ್ನ. ಹದಿನಾರನೇ ದಿನ ನಿಮ್ಮಕ್ಕ ನನ್ನ ಪೆಟ್ಟಿಗೆ ಎಲ್ಲಿದೆ ಅಂತ ಹುಡುಕ್ತಾಳೆ. ಈ ಕಟ್ಟಡ ಒಂದು ಮುಗೀಲಿ. ಕೆಲಸ ಮುಗಿಸಿ ಹೋದ ಅನ್ನಿಸ್ಕೊಳ್ತೀನಿ, ಕುರುಡ ಅಂತ ಕಳಿಸಿದ್ರು ಅನ್ನಿಸ್ಕೊಳಲ್ಲ."

ಅವರು ಕೇಳಿದ್ದು ಇಷ್ಟೇ. ಗುಳ್ಳೆಯನ್ನು ನಾನು ನೋಡಬೇಕು, ನೋಡಿದ್ದು ಯಾರಿಗೂ ಗೊತ್ತಾಗಬಾರದು.

ಮಾರನೆಯ ದಿನದಿಂದಲೇ ಶುರುವಾಯಿತು. ರಸಮಟ್ಟದ ಪಟ್ಟಿಯನ್ನು ನಾನು ಇಡುವುದು. ನನ್ನ ಕಡೆ ಎತ್ತರವಿದ್ದರೆ ಕರಣೆಯ ಹಿಡಿಯಿಂದ ಟೈಲಿಗೆ ಒಂದು ಸಲ ತಟ್ಟುವುದು, ಅವರ ಕಡೆ ಎತ್ತರವಿದ್ದರೆ ಎರಡು ಸಲ. ಸರಿಯಿದ್ದರೆ ಸುಮ್ಮನಿರುವುದು. ಭಾವ ರಬ್ಬರ್ ಸುತ್ತಿಗೆಯಿಂದ ಕುಟ್ಟಿ ಇಳಿಸುತ್ತಿದ್ದರು. ಗೋಡೆಗೆ ನೀಲಿ ಪುಡಿ ಹಚ್ಚಿದ ದಾರ ಎಳೆದು ಮಟ್ಟದ ಗುರುತು ಹಾಕುವುದೂ ನನ್ನ ಪಾಲಿಗೇ ಬಂತು. ಉಳಿದದ್ದಕ್ಕೆಲ್ಲ ಅವರಿಗೆ ಕಣ್ಣೇ ಬೇಕಿರಲಿಲ್ಲ. ಎರಡು ಟೈಲು ಸೇರುವ ಕಡೆ ಹೆಬ್ಬೆರಳು ಎಳೆದರೆ ಏರುಪೇರು ತಿಳಿಯುತ್ತಿತ್ತು. ಬೆರಳ ಗೆಣ್ಣಿನಿಂದ ಬಡಿದರೆ ಎಲ್ಲಿ ಕೆಳಗೆ ಪೊಳ್ಳಿದೆ ಎಂದು ಕಿವಿಯೇ ಹೇಳುತ್ತಿತ್ತು. ಐದು ವಾರದಲ್ಲಿ ಎಂಟು ವಾರ್ಡು ಮುಗಿಸಿದೆವು. ಇಂಜಿನಿಯರಮ್ಮ ತಮ್ಮದೇ ಪಟ್ಟಿ ತಂದು ಅಲ್ಲಲ್ಲಿ ಇಟ್ಟು ನೋಡಿ, ಏನೂ ಹೇಳದೆ ಹೋಗುತ್ತಿದ್ದರು. ಅವರು ಏನೂ ಹೇಳದಿದ್ದರೆ ಒಪ್ಪಿಗೆ ಎಂದು ಅರ್ಥ.

ನಾವು ತಟ್ಟುವುದನ್ನು ರೇಡಿಯೋ ಕೇಳಿಸಿಕೊಂಡಿದ್ದ. ಭಾವ ಮೈದುನ ಇಬ್ಬರೂ ನೆಲ ಹಾಕುವುದೋ ತಾಳ ಹಾಕುವುದೋ ಎಂದು ಕೇಳಿದ. ಹಾಡು ನೀನೇ ಹಾಡು, ಹೇಗೂ ಬಾಯಿ ಖಾಲಿ ಇರಲ್ಲ ಎಂದು ಭಾವ ತಿರುಗಿಸಿ ಕೊಟ್ಟರು. ಅವನಿಗೆ ಅಷ್ಟಕ್ಕಿಂತ ಹೆಚ್ಚು ತಿಳಿಯಲಿಲ್ಲ.

ಒಂಬತ್ತನೆಯ ವಾರ್ಡು ಶುರು ಮಾಡುವ ದಿನ ನನಗೆ ಜ್ವರ ಬಂತು. ಎದ್ದು ಬೂಟು ಹಾಕಿಕೊಂಡೆ, ನಿಂತರೆ ಗೋಡೆ ತಿರುಗುತ್ತಿತ್ತು. ಮಲಗು ಎಂದರು ಭಾವ. ನೀವೂ ಇವತ್ತು ಹೋಗಬೇಡಿ, ಹೊಟ್ಟೆನೋವು ಅಂತ ಹೇಳಿಸೋಣ ಎಂದೆ. ಇಬ್ಬರಿಗೂ ಒಟ್ಟಿಗೆ ಕಾಯಿಲೆ ಬರಲು ನಾವೇನು ಅವಳಿಜವಳಿಯಾ ಎಂದು ಹೊರಟುಹೋದರು. ನಾಲ್ಕು ದಿನ ನಾನು ಏಳಲಿಲ್ಲ. ಐದನೆಯ ದಿನ ಕೆಲಸಕ್ಕೆ ಹೋದಾಗ ಒಂಬತ್ತನೆಯ ವಾರ್ಡು ಮುಗಿದಿತ್ತು.

ಗುಳ್ಳೆ ಯಾರು ನೋಡಿದರು ಎಂದು ಕೇಳಿದೆ. ಯಾರೂ ನೋಡಲಿಲ್ಲ ಎಂದರು. ರೇಡಿಯೋನ ಕೈಗೆ ಪಟ್ಟಿ ಕೊಟ್ಟರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಗುತ್ತದೆಂದು ಅವನನ್ನು ಸಿಮೆಂಟು ಕಲಸಲು ಹೊರಗೆ ಹಾಕಿ, ಒಬ್ಬರೇ ಕೂತು ಹಾಕಿದ್ದರು. ಬಾಗಿಲ ಹೊಸ್ತಿಲಿನಿಂದ ಮೊದಲ ಸಾಲು ಹಿಡಿದು ಕಿಟಕಿಯವರೆಗೆ ಅಂಗೈಯ ಲೆಕ್ಕದಲ್ಲೇ ಹೋಗಿದ್ದರು. ಮೂವತ್ತು ವರ್ಷದ ಅಂಗೈಗೆ ಮಟ್ಟ ಯಾವುದು ಅಂತ ಗೊತ್ತಾಗಲ್ವಾ ಎಂದರು. ಅವರು ಅಂದು ಬಹಳ ಗೆಲುವಾಗಿದ್ದರು, ಎರಡು ತಿಂಗಳಿನಿಂದ ಹಾಗೆ ಇರಲಿಲ್ಲ.

ನಾನು ಬಾಗಿಲಲ್ಲಿ ನಿಂತು ನೋಡಿದೆ. ಗೆರೆಗಳು ದಾರ ಹಿಡಿದ ಹಾಗೆ ನೆಟ್ಟಗಿದ್ದವು. ಒಂದು ಮೂಲೆಯೂ ಎದ್ದಿರಲಿಲ್ಲ. ರಸಮಟ್ಟದ ಪಟ್ಟಿ ನನ್ನ ಕೈಯಲ್ಲೇ ಇತ್ತು. ಇಟ್ಟು ನೋಡಬಹುದಿತ್ತು. ಇಟ್ಟರೆ ಲೋಹ ಟೈಲಿಗೆ ತಾಗಿ ಸದ್ದಾಗುತ್ತದೆ, ಭಾವ ಪಕ್ಕದಲ್ಲೇ ಕೂತು ಸುತ್ತಿಗೆ ತೊಳೆಯುತ್ತಿದ್ದರು, ಅವರ ಕಿವಿ ಚುರುಕು. ಇಡಲಿಲ್ಲ. ಸಂಜೆ ಅವರು ಹೋದ ಮೇಲೆ ಬಂದು ನೋಡೋಣ ಅಂದುಕೊಂಡೆ. ಸಂಜೆ ಹತ್ತನೆಯ ವಾರ್ಡಿಗೆ ಸಾಮಾನು ಹೊರುವ ಕೆಲಸ ಬಂತು. ಆಮೇಲೆ ನೋಡೋಣ ಅಂದುಕೊಂಡದ್ದು ಹಾಗೆಯೇ ಹಿಂದೆ ಬಿತ್ತು. ಆ ವಾರ ಇಂಜಿನಿಯರಮ್ಮನೂ ಬೇರೆ ಕಟ್ಟಡಕ್ಕೆ ಹೋಗಿದ್ದರು.

ಹತ್ತು ದಿನದ ಮೇಲೆ ಬಣ್ಣದವರು ಬಂದರು. ಅವರ ಏಣಿಗೂ ಚಕ್ರ. ಒಂಬತ್ತನೆಯ ವಾರ್ಡಿನ ಕಿಟಕಿಯ ಪಕ್ಕ ಏಣಿ ನಿಲ್ಲಿಸಿ ಒಬ್ಬ ಮೇಲೆ ಹತ್ತಿದ. ಚಕ್ರದ ಬೀಗ ಹಾಕಲು ಮರೆತಿದ್ದ. ಛಾವಣಿಗೆ ಎರಡು ಸಲ ಬಣ್ಣ ಎಳೆದದ್ದೇ ತಡ, ಏಣಿ ಅವನನ್ನು ಹೊತ್ತುಕೊಂಡು ಮೆಲ್ಲಗೆ ಬಾಗಿಲ ಕಡೆ ಹೊರಟಿತು. ಭೂಕಂಪ ಅಂತ ಅವನು ಕೂಗಿಕೊಂಡ. ಕೆಳಗಿದ್ದವರು ಓಡಿಬಂದು ನೋಡಿದರೆ, ಅಲುಗಾಡುತ್ತಿದ್ದದ್ದು ಅವನೊಬ್ಬನೇ. ಛಾವಣಿಯ ಮೇಲೆ ಕಿಟಕಿಯಿಂದ ಬಾಗಿಲವರೆಗೆ ಬಿಳಿ ಬಣ್ಣದ ಒಂದು ಗೆರೆ ಬಿದ್ದಿತ್ತು.

ಅರ್ಧ ಗಂಟೆಯಲ್ಲಿ ಇಂಜಿನಿಯರಮ್ಮ ಬಂದರು. ಪಟ್ಟಿ ಇಟ್ಟು ನೋಡಿದರು, ಗುಳ್ಳೆ ಒಂದು ತುದಿಗೆ ಹೋಗಿ ಕೂತಿತು. ಆಮೇಲೆ ಬಣ್ಣದವರ ಬಕೆಟ್ಟಿನಲ್ಲಿ ನೀರು ತರಿಸಿ ಕಿಟಕಿಯ ಕೆಳಗೆ ಸುರಿಸಿದರು. ನೀರು ಒಂದು ಗಳಿಗೆ ಹರಡಿಕೊಂಡು ನಿಂತಿತು. ಮತ್ತೆ ಎರಡೂ ಪಕ್ಕದಿಂದ ನಡುವೆ ಕೂಡಿಕೊಂಡು, ಯಾರೋ ಕೈಹಿಡಿದು ನಡೆಸಿದ ಹಾಗೆ ನೇರವಾಗಿ ಬಾಗಿಲಿಗೆ ಬಂದು ಹೊಸ್ತಿಲು ದಾಟಿತು. ಹಿಂದೆ ಒಂದು ಹನಿ ನಿಲ್ಲಲಿಲ್ಲ. ಬಣ್ಣದವರು, ರೇಡಿಯೋ, ನಾನು, ಎಲ್ಲರೂ ಅದಕ್ಕೆ ದಾರಿ ಬಿಟ್ಟು ಸರಿದಿದ್ದೆವು. ಭಾವನ ಅಂಗೈಗೆ ಮಟ್ಟ ಎಂದರೆ ಇದೇ ಆಗಿತ್ತು. ಸಮುದ್ರದ ಊರಿನ ಹದಿನಾಲ್ಕು ವರ್ಷ ಅವರ ಕೈಯಲ್ಲಿ ಹಾಗೇ ಕೂತಿತ್ತು.

ಈ ನೆಲ ಯಾರು ಹಾಕಿದ್ದು ಎಂದು ಇಂಜಿನಿಯರಮ್ಮ ಕೇಳಿದ್ದು ಭಾಷೆ ಬರದ ನನಗೂ ತಿಳಿಯಿತು. ನಾನು ಎದೆ ಮುಟ್ಟಿ ತೋರಿಸಿದೆ. ಮೈಯಲ್ಲಿ ಜ್ವರವಿತ್ತು, ತಲೆ ನಿಲ್ಲದೆ ಹೀಗಾಯಿತು ಎಂದು ಹೇಳು ಎಂದು ರೇಡಿಯೋಗೆ ಹೇಳಿದೆ. ಆ ನಾಲ್ಕು ದಿನ ನಾನು ಕೋಣೆಯಲ್ಲಿ ಮಲಗಿದ್ದೆ ಎಂದು ಅವನಿಗೆ ಗೊತ್ತು, ಗಂಜಿ ತಂದುಕೊಟ್ಟವನು ಅವನೇ. ನನ್ನ ಮುಖ ನೋಡಿದ. ಆಮೇಲೆ ನಾನು ಹೇಳಿದಷ್ಟನ್ನೇ ಆ ಭಾಷೆಯಲ್ಲಿ ಹೇಳಿದ, ಒಂದು ಮಾತು ಸೇರಿಸಲಿಲ್ಲ. ಇಂಜಿನಿಯರಮ್ಮ ಕೈಯಲ್ಲಿದ್ದ ಪುಸ್ತಕದಲ್ಲಿ ಏನೋ ಬರೆದುಕೊಂಡರು. ನೆಲ ಒಡೆಯಬೇಕು, ಹಾಕಿದವನು ಈ ವಾರವೇ ಹೊರಡಬೇಕು ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೂ ಹೋಗಲು ಬೇಜಾರಿರಲಿಲ್ಲ. ನಾನು ಹೋದರೆ ಗುಳ್ಳೆ ನೋಡುವವರು ಯಾರು ಎನ್ನುವುದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ. ಈಗ ನೆನೆದರೆ ನಗು ಬರುತ್ತದೆ.

ಅಷ್ಟರಲ್ಲಿ ಭಾವ ಹನ್ನೆರಡನೆಯ ವಾರ್ಡಿನಿಂದ ಬಂದರು. ಬಾಗಿಲಲ್ಲಿ ಕಾಲಿಗೆ ನೀರು ತಾಗಿತು. ಬಗ್ಗಿ ಅಂಗೈ ಊರಿದರು. ಊರಿದ ಕೈಯನ್ನು ಎತ್ತದೆ, ಕುಕ್ಕರುಗಾಲಲ್ಲೇ ಆ ನೀರಿನ ಜಾಡು ಹಿಡಿದು ಕಿಟಕಿಯವರೆಗೆ ಹೋದರು. ಇಡೀ ವಾರ್ಡು ದಾಟಲು ಸ್ವಲ್ಪ ಹೊತ್ತು ಹಿಡಿಯಿತು. ಯಾರೂ ತಡೆಯಲಿಲ್ಲ. ಗೋಡೆ ಸಿಕ್ಕಿದ ಮೇಲೆ ಎದ್ದು ನಿಂತು, ಏನಾಯಿತು ಎಂದು ರೇಡಿಯೋನನ್ನು ಕೇಳಿದರು. ಅವನು ಹೇಳಿದ.

ಭಾವ ನನ್ನ ಕಡೆ ತಿರುಗಿದರು. "ನೀನು ಹಾಕಿದ್ದಾ?"

"ಹೌದು ಭಾವ. ಜ್ವರ ಇತ್ತಲ್ಲ."

"ಜ್ವರ ಬಂದವನ ಕೈಯಲ್ಲಿ ಇಂಥಾ ನೆಲ ಬರುತ್ತಾ? ಜ್ವರ ಇಲ್ಲದಾಗ್ಲೇ ನಿನಗೆ ಬಂದಿಲ್ಲ. ಸಮುದ್ರದೂರಲ್ಲಿ ನೀನು ಹಾಕಿದ ಬಚ್ಚಲಲ್ಲಿ ಇವತ್ತಿಗೂ ನೀರು ನಿಂತಿರುತ್ತೆ, ಹೋಗಿ ನೋಡು."

ಅವರ ಮುಖದಲ್ಲಿ ನಾಚಿಕೆ ಇರಬೇಕಾದ ಜಾಗದಲ್ಲಿ ಸಿಟ್ಟಿತ್ತು, ಅದೂ ನನ್ನ ಮೇಲೆ. ತಮ್ಮ ವಸ್ತುವನ್ನು ಇನ್ನೊಬ್ಬ ತನ್ನದೆಂದು ಎತ್ತಿಕೊಂಡ ಹಾಗೆ ನೋಡಿದರು. ಆಮೇಲೆ ಭುಜದ ಮೇಲಿನ ಬಟ್ಟೆಯಿಂದ ಕೈ ಒರೆಸಿಕೊಂಡು ರೇಡಿಯೋಗೆ ಹೇಳಿದರು:

"ಅವರಿಗೆ ಹೇಳಪ್ಪ. ನೆಲ ನಂದು. ನನಗೆ ಗುಳ್ಳೆ ಕಾಣಲ್ಲ, ಎರಡು ತಿಂಗಳಿಂದ ಇವನೇ ನೋಡ್ತಿದ್ದ. ಅವತ್ತು ಇವನಿರಲಿಲ್ಲ, ಕೈ ತನಗೆ ಗೊತ್ತಿದ್ದನ್ನ ಮಾಡ್ತು. ನೆಲದಲ್ಲಿ ತಪ್ಪಿಲ್ಲ. ರೂಮು ತಪ್ಪು."

ರೇಡಿಯೋ ಹೇಳಿ ಮುಗಿಸಲು ಎರಡು ಸಲ ನಿಂತ. ಇಂಜಿನಿಯರಮ್ಮ ಮೊದಲು ಪುಸ್ತಕ ಮುಚ್ಚಿದರು. ಬಾಗಿಲಾಚೆ ನಿಂತಿದ್ದ ನೀರನ್ನು ನೋಡಿದರು. ಎಲ್ಲಿ ಕಲಿತದ್ದು ಎಂದು ಕೇಳಿದರು. ಭಾವ ಆ ದೇಶದ ಹೆಸರು ಹೇಳಿದರು. ಅವರು ತಲೆಯಾಡಿಸಿ, ಬರೆದಿದ್ದ ನನ್ನ ಹೆಸರು ಹೊಡೆದು ಭಾವನ ಹೆಸರು ಬರೆದರು. ನಿಯಮ ನಿಯಮವೇ. ಟಿಕೆಟು ಬರುವವರೆಗೆ ಕೋಣೆಯಲ್ಲಿ ಇರಬಹುದು, ಕೆಲಸಕ್ಕೆ ಬರಬೇಕಾಗಿಲ್ಲ ಎಂದರು.

ಆದರೂ ಭಾವ ಬಂದರು. ಒಂಬತ್ತನೆಯ ವಾರ್ಡು ಒಡೆಯಲು ನನಗೂ ರೇಡಿಯೋಗೂ ಮೂರು ದಿನ ಹಿಡಿಯಿತು, ಮೂರು ದಿನವೂ ಅವರು ಬಾಗಿಲ ಬಳಿ ಖಾಲಿ ಡಬ್ಬಿಯ ಮೇಲೆ ಕೂತಿದ್ದರು. ಒಂದೊಂದು ಟೈಲೂ ಹಟ ಹಿಡಿದು ಕೂತಿತ್ತು, ಉಳಿ ಹೊಡೆದರೆ ಚೂರು ಏಳುತ್ತಿತ್ತೇ ಹೊರತು ಟೈಲು ಏಳುತ್ತಿರಲಿಲ್ಲ. ಮಧ್ಯೆ ಮಧ್ಯೆ ಅವರು ಉಳಿ ಓರೆಯಾಗಿ ಹಿಡಿಯಿರಿ ಎನ್ನುತ್ತಿದ್ದರು, ಕೆಳಗಿನ ಕಾಂಕ್ರೀಟಿಗೆ ಪೆಟ್ಟಾಗಬಾರದು ಎನ್ನುತ್ತಿದ್ದರು. ನಿಮ್ಮ ಕೆಲಸ ಒಡೆಯುವುದೂ ನೀವೇ ಕಲಿಸಬೇಕಾಯಿತಲ್ಲ ಮೇಸ್ತ್ರಿ ಎಂದು ರೇಡಿಯೋ ಅಂದ. ಹೊಗಳಿಕೆಯೇ ಅದು, ಭಾವನಿಗೆ ಅರ್ಥವಾಯಿತು.

ಅಕ್ಕನಿಗೆ ಹೇಳುವ ಕೆಲಸ ನನ್ನ ತಲೆಗೆ ಬಂತು. ಬೀದಿಯ ಫೋನಿನ ಡಬ್ಬಿಯೊಳಗೆ ನಾನು ನಿಂತೆ, ಭಾವ ಹೊರಗೆ ನಿಂತರು. ಕಣ್ಣಿನ ವಿಷಯ, ನೆಲದ ವಿಷಯ ಎರಡನ್ನೂ ಹೇಳಿದೆ.

"ಮದುವೆಯಾಗಿ ಮೂವತ್ತೊಂದು ವರ್ಷ," ಎಂದಳು ಅಕ್ಕ. "ಒಟ್ಟು ಹಾಕಿದ್ರೆ ಮನೇಲಿ ಇದ್ದಿದ್ದು ಮೂರು ವರ್ಷ ಆಗಲ್ಲ. ಬರಲಿ ಬಿಡು. ಕಣ್ಣು ಕಾಣದಿದ್ರೆ ಒಳ್ಳೇದೇ ಆಯ್ತು, ನಾನು ಮುದುಕಿಯಾಗಿರೋದು ಗೊತ್ತಾಗಲ್ಲ."

ಹೊರಗೆ ಬಂದು ಅಕ್ಕ ಅಂದದ್ದನ್ನು ಹಾಗೆಯೇ ಹೇಳಿದೆ. ಕೋಣೆಯ ಮೆಟ್ಟಿಲು ಹತ್ತುವಾಗ ಭಾವ, ಊರ ಮನೇಲಿ ಅಡುಗೆಮನೆಯ ಮೋರಿ ಹತ್ತಿರ ನೀರು ನಿಲ್ಲುತ್ತೆ ಅಂತ ಅವಳು ಯಾವಾಗ್ಲೋ ಕಾಗದದಲ್ಲಿ ಬರೆಸಿದ್ದಳು ಎಂದರು. ಅಷ್ಟೇ.

ಅವರ ಪೆಟ್ಟಿಗೆ ಕಟ್ಟಲು ಹತ್ತು ನಿಮಿಷ ಸಾಕಾಯಿತು. ಕರಣೆ, ಸುತ್ತಿಗೆ ಎರಡನ್ನೂ ಬಟ್ಟೆಗಳ ನಡುವೆ ಇಟ್ಟುಕೊಂಡರು. ರಸಮಟ್ಟದ ಪಟ್ಟಿಯನ್ನು ನನ್ನ ಮಂಚದ ಮೇಲೆ ಇಟ್ಟರು. ಬೆಳಗ್ಗೆ ಏಳಕ್ಕೆ ಕಂಪನಿಯ ವ್ಯಾನು ಬಂತು, ಏಳಕ್ಕೇ ನಮ್ಮ ಪಾಳಿಯೂ ಶುರು. ಹಾಗಾಗಿ ಜೊತೆಗೆ ಹೋಗಲಾಗಲಿಲ್ಲ. ರೇಡಿಯೋ ಪೆಟ್ಟಿಗೆ ಎತ್ತಿ ವ್ಯಾನಿನೊಳಗೆ ಇಟ್ಟ. ಭಾವ ಮುಂದಿನ ಸೀಟು ಹತ್ತಿ ಬಾಗಿಲು ಎಳೆದುಕೊಂಡರು. ಮಂಜು ಕರಗುತ್ತಿದ್ದ ರಸ್ತೆಯಲ್ಲಿ ವ್ಯಾನು ನಿಧಾನವಾಗಿ ಹೋಯಿತು. ಇಪ್ಪತ್ತೆಂಟು ವರ್ಷ ಜೊತೆಗಿದ್ದ ಭಾವ ಹೊರಟದ್ದು ಗುರುವಾರ.